ಹಳಿ ಇದೆ, ರೈಲು ಕೊಡಿ

ಮಾನ್ಯ ಸಂಪಾದಕರೇ,

ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು, ತಂಗಿ ಇರುವುದು ವಸಾಯಿಯಲ್ಲಿ. ತಿಂಗಳಿಗೊಮ್ಮೆಯಾದರೂ ಕೋಪರ್ ಸ್ಟೇಶನ್ನಿನ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ದಿವಾ–ವಸಾಯಿ ರೈಲಿಗೆ ಕಾಯುತ್ತೇನೆ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕೂರಬೇಕು. ಇಲ್ಲವೇ ದಾದರ್‌ಗೆ ಹೋಗಿ, ಆ ನೂಕುನುಗ್ಗಲಿನಲ್ಲಿ ಗಾಡಿ ಬದಲಿಸಬೇಕು. ಹೋದ ತಿಂಗಳು ಬಿಸಿ ಪತ್ರೊಡೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅದು ಆರಿ ತಣ್ಣಗಾಗುವಷ್ಟರಲ್ಲಿ ಕಣ್ಣೆದುರೇ ಐದು ಗೂಡ್ಸ್ ಗಾಡಿ ಹೋದವು.

ಆಗ ನೆನಪಾದದ್ದು ಓಕ್‌ಹ್ಯಾಂಪ್ಟನ್. ಮಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದಾಳೆ. ಬಾಣಂತನಕ್ಕೆಂದು ಹೋದವಳು ಒಂದು ದಿನ ಅಳಿಯನ ಜೊತೆ ಈ ಊರಿಗೆ ರೈಲಿನಲ್ಲಿ ಹೋಗಿ ಬಂದೆ. ಮುಕ್ಕಾಲು ಗಂಟೆಯೂ ಬೇಕಿಲ್ಲ. ಡಾರ್ಟ್‌ಮೂರ್ ಬಯಲಿನ ಅಂಚಿನ ಸಣ್ಣ ಪೇಟೆ. ಸ್ಟೇಶನ್ನನ್ನು 1950ರ ದಶಕದಲ್ಲಿ ಹೇಗಿತ್ತೋ ಹಾಗೇ ಒಪ್ಪವಾಗಿ ಇಟ್ಟಿದ್ದಾರೆ.

ಈ ಊರಿಗೆ 1972ರಲ್ಲಿ ದಿನನಿತ್ಯದ ರೈಲು ನಿಂತೇಹೋಗಿತ್ತು. ಆಗ ಎಷ್ಟೋ ಊರುಗಳಲ್ಲಿ ಹಳಿಯನ್ನೇ ಕಿತ್ತುಹಾಕಿದರು. ಇಲ್ಲಿ ಮಾತ್ರ ಉಳಿಯಿತು, ಪಕ್ಕದ ಮೆಲ್ಡನ್ ಕ್ವಾರಿಯಿಂದ ಹಳಿಗೆ ಹಾಸುವ ಜಲ್ಲಿ ಸಾಗಿಸಬೇಕಿತ್ತಲ್ಲ! 1997ರಿಂದ ಬೇಸಿಗೆಯ ಭಾನುವಾರಗಳಲ್ಲಷ್ಟೇ ರೈಲು ಬರುತ್ತಿತ್ತು. ಆದರೂ ಜನ ಸುಮ್ನೆ ಕೂರಲಿಲ್ಲ. ಓಕ್‌ರೈಲ್ ಎಂದು ಗುಂಪು ಕಟ್ಟಿಕೊಂಡು ಕೇಳುತ್ತಲೇ ಇದ್ದರು. ಕೊನೆಗೆ 18 ಕಿಲೋಮೀಟರಿನಷ್ಟು ಹೊಸ ಹಳಿ, ಹಳಿಯಡಿಗೆ 24,000 ಕಾಂಕ್ರೀಟ್ ಸ್ಲೀಪರ್ (ಅಡ್ಡಪಟ್ಟಿ) ಹಾಕಿ, 2021ರ ನವೆಂಬರ್ 20ರಂದು ದಿನವೂ ರೈಲು ಬಿಟ್ಟರು. ಮೊದಲು ಎರಡು ಗಂಟೆಗೊಂದು. ಜನ ಹತ್ತಿದರು. 2022ರ ಮೇ ತಿಂಗಳಿಂದ ಗಂಟೆಗೊಂದು.

ಅಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಅಜ್ಜಿ ಪಕ್ಕಕ್ಕೆ ಬಂದು ಕೂತರು. ಡಾಕ್ಟರ ಹತ್ತಿರ ಹೋಗಲು ಮೊದಲೆಲ್ಲ ಮಗನ ಕಾರಿಗೆ ಕಾಯಬೇಕಿತ್ತಂತೆ. ಈಗ ಒಬ್ಬಳೇ ಹೋಗುತ್ತೇನೆ ಎಂದು ಟಿಕೆಟನ್ನು ಎತ್ತಿ ತೋರಿಸಿದರು. ನನಗೆ ಕಣ್ಣು ತುಂಬಿ ಬಂತು.

ನಮ್ಮಲ್ಲಿ ಹಳಿ ಹೊಸದಾಗಿ ಹಾಕುವುದೂ ಬೇಡ. ಕರೆಂಟ್ ಲೈನ್ ಇದೆ, ಸ್ಟೇಶನ್ನುಗಳೂ ಇವೆ. ಭಿವಂಡಿ, ವಸಾಯಿ ಕಡೆ ನಮ್ಮವರು ಎಷ್ಟು ಜನ ಇದ್ದಾರೆ! ಹೋಟೆಲಿನಲ್ಲಿ ದುಡಿಯುವ ಹುಡುಗರಿಗೆ ರಾತ್ರಿ ಕೆಲಸ ಮುಗಿದ ಮೇಲೆ ರಿಕ್ಷಾಗೆ ಕೊಡುವಷ್ಟು ದುಡ್ಡು ಎಲ್ಲಿಂದ ಬರಬೇಕು? ಸದ್ಯಕ್ಕೆ ಬೆಳಿಗ್ಗೆ ಎರಡು, ಸಂಜೆ ಎರಡು ಗಾಡಿ ಜಾಸ್ತಿ ಬಿಟ್ಟರೂ ಸಾಕು. ಡೊಂಬಿವಲಿ, ವಸಾಯಿಯ ಕನ್ನಡ ಸಂಘದವರು ಸೇರಿ ಒಂದು ಮನವಿ ಬರೆಯಬಹುದಲ್ವಾ? ಸಹಿ ಸಂಗ್ರಹಕ್ಕೆ ಕೋಪರ್‌ನಲ್ಲಿ ನಾನು ನಿಲ್ಲುತ್ತೇನೆ.

– ಓದುಗಳೊಬ್ಬಳು, ಡೊಂಬಿವಲಿ ಪೂರ್ವ