ವರ್ಷಕ್ಕೆ ಎಷ್ಟು ಸಲ ಹೊರಡುತ್ತೀ, ಮಾರಾಯ?

ಉಡುಪಿ

ಪ್ರಿಯ ಗೆಳೆಯ,

ಕ್ಯಾರವಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಂಡು ತಿರುಗುವ ಗಾಡಿ, ತೆಗೆದುಕೊಳ್ಳುವ ವಿಚಾರ ಬರೆದಿದ್ದಿ. ಎಷ್ಟು ಜನ ಮಲಗಬಹುದು, ಒಳಗೆ ಟಿವಿ ಇಡಲಿಕ್ಕೆ ಜಾಗ ಉಂಟಾ, ಪಕ್ಕದಲ್ಲಿ ಬಿಡಿಸುವ ಚಪ್ಪರ ಮಳೆ ತಡೆಯುತ್ತದಾ ಅಂತೆಲ್ಲ ಕೇಳಿದ್ದಿ. ಕಡೆಯ ಸಾಲಿನಲ್ಲಿ, ಮರೆತದ್ದು ನೆನಪಾದವನ ಹಾಗೆ, "ವರ್ಷಕ್ಕೆ ಎಷ್ಟು ಸಲ ಹೊರಡಲಿಕ್ಕೆ ಆಗಬಹುದು?" ಅಂದಿದ್ದಿ. ಮಾರಾಯ, ಮೊದಲು ಕೇಳಬೇಕಾದದ್ದೇ ಅದು. ಎಂಥ ಗಾಡಿ, ಎಷ್ಟು ದೊಡ್ಡ ಬ್ಯಾಟರಿ, ಎಲ್ಲಿ ನಿಲ್ಲಿಸುವುದು ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಲೆಕ್ಕ ಹಾಕುವ. ವರ್ಷಕ್ಕೆ 52 ವಾರಾಂತ್ಯ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ 17 ವಾರ ಮಳೆಗೆ ಬಿಟ್ಟದ್ದು. ಮೇ 24ರ ಹೊತ್ತಿಗೆ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೀಪಾವಳಿ ಕಳೆದ ಮೇಲೆ ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ನಮ್ಮ ಕಡೆಯ ಕ್ಯಾರವಾನಿನ ತಿರುಗಾಟವೂ ಹೆಚ್ಚುಕಡಿಮೆ ಅದೇ. ಉಳಿಯಿತು 35. ಬ್ಯಾಂಕಿನವನಾದ ನಿನಗೆ ಎರಡನೇ ಮತ್ತು ನಾಲ್ಕನೇ ಶನಿವಾರ ಮಾತ್ರ ರಜೆ, ಎಂಟು ತಿಂಗಳಿಗೆ 16. ಈ ಎಂಟು ತಿಂಗಳೇ ಮದುವೆ, ಗೃಹಪ್ರವೇಶ, ದೈವದ ನೇಮ, ದೇವಸ್ಥಾನದ ಬ್ರಹ್ಮಕಲಶದ ತಿಂಗಳುಗಳು. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ ಬೇರೆ. ಧಾರಾಳವಾಗಿ ಲೆಕ್ಕ ಹಿಡಿದರೂ ಎಂಟು ಹೋಗುತ್ತದೆ. ಉಳಿದ ಎಂಟರಲ್ಲಿ ಎರಡನ್ನು ಗಾಡಿಯ ಸರ್ವಿಸ್, ರಿಪೇರಿ ತಿನ್ನುತ್ತದೆ. ಕೈಗೆ ಸಿಕ್ಕಿದ್ದು ಆರು. ಅದಕ್ಕೆ ದಸರಾ ರಜೆಯ ನಾಲ್ಕು ರಾತ್ರಿಯ ಒಂದು ಪ್ರಯಾಣ, ಬೇಸಿಗೆ ರಜೆಯ ಐದು ರಾತ್ರಿಯದ್ದು ಇನ್ನೊಂದು ಸೇರಿಸು. ಒಟ್ಟು ಎಂಟು ಸಲ. ಕೆಲಸದಲ್ಲಿರುವವನಿಗೆ, ಮನೆಯಲ್ಲಿ ಮಕ್ಕಳು ಅಮ್ಮ ಇರುವವನಿಗೆ, ಇದು ಒಳ್ಳೆಯ ಸಂಖ್ಯೆ ಅಂತ ನನ್ನ ಅಭಿಪ್ರಾಯ.

ಈಗ ರಾತ್ರಿಗಳನ್ನು ಲೆಕ್ಕ ಮಾಡು. ಆ ಆರು ವಾರಾಂತ್ಯಗಳಲ್ಲಿ ಶುಕ್ರವಾರ ಸಂಜೆಯೇ ಹೊರಟರೆ ತಲಾ ಎರಡು ರಾತ್ರಿ, ಒಟ್ಟು 12. ರಜೆಯ ಒಂಬತ್ತು ಸೇರಿ 21. ಶನಿವಾರ ಬೆಳಿಗ್ಗೆ ಹೊರಟರೆ ತಲಾ ಒಂದೇ, ಒಟ್ಟು 15. ಅದೇ ಗಾಡಿ, ಅದೇ ವಿಮೆ, ಅದೇ ಕಂತು, ಆರು ರಾತ್ರಿ ಕಡಿಮೆ. ಶುಕ್ರವಾರ ಆರು ಗಂಟೆಗೆ ಬ್ಯಾಂಕಿನಿಂದ ಬಂದವನು ಏಳಕ್ಕೆ ಗೇಟು ದಾಟಬಹುದೇ? ಗಾಡಿಯನ್ನು ತಯಾರು ಮಾಡಲಿಕ್ಕೆ ಅರ್ಧ ದಿನ ಬೇಕಾದರೆ ಶುಕ್ರವಾರ ತಪ್ಪುತ್ತದೆ. ಒಂದೆರಡು ಸಲ ತಪ್ಪಿದ ಮೇಲೆ "ಈ ವಾರ ಬೇಡ, ಮುಂದಿನ ಸಲ ನೋಡುವ" ಅನ್ನುವ ಮಾತು ಬರುತ್ತದೆ. ಎಂಟು ಮೂರಕ್ಕೆ ಇಳಿಯುವುದು ಹೀಗೆಯೇ. ಕ್ಯಾರವಾನ್ ಇಟ್ಟುಕೊಂಡೂ ಹೊರಡದವರಲ್ಲಿ ಹೆಚ್ಚಿನವರಿಗೆ ರಜೆ ಇಲ್ಲದ್ದಲ್ಲ, ಗಾಡಿ ಸಿದ್ಧ ಇಲ್ಲದ್ದು.

ಸಿದ್ಧ ಇರಬೇಕಾದರೆ ಅದು ಕಣ್ಣೆದುರಿಗೆ ಇರಬೇಕು. ಟೆಂಪೊ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾರವಾನ್‌ಗೆ ಮಾಡಿನ ಮೇಲೆ ಎಸಿ, ಸೋಲಾರ್ ಪ್ಯಾನೆಲ್ ಕೂರಿಸಿದರೆ ಎತ್ತರ ಸುಮಾರು ಮೂರು ಮೀಟರ್ ಮುಟ್ಟುತ್ತದೆ. ನಿಮ್ಮ ಮಂಗಳೂರಿನ ಫ್ಲ್ಯಾಟುಗಳ ನೆಲಮಾಳಿಗೆಗೆ ಅದು ಇಳಿಯುವುದೇ ಇಲ್ಲ. ಊರ ಮನೆಯ ಅಂಗಳದಲ್ಲಿ ಇಡುತ್ತೇನೆ ಅಂದಿದ್ದಿ. ಮೂವತ್ತು ಕಿಲೋಮೀಟರ್ ದೂರ. ಅಲ್ಲಿಗೆ ಕಾರಿನಲ್ಲಿ ಹೋಗಿ, ಸಾಮಾನು ದಾಟಿಸಿ, ಕತ್ತಲಲ್ಲಿ ಟ್ಯಾಂಕ್ ತುಂಬಿಸಿ ಹೊರಡುವಾಗ ಒಂಬತ್ತೂವರೆ. ಅದು ಆಗುವ ಹೋಗುವ ಮಾತಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಬಾಡಿಗೆಗೆ ಒಂದು ಅಂಗಳ ಸಿಗುತ್ತದೆಯೇ ನೋಡು. ನೀರಿನ ನಲ್ಲಿ, ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಅಲ್ಲಿದ್ದರೆ ಇನ್ನೂ ಒಳ್ಳೆಯದು.

ಒಳಗಿನದ್ದು ಸುಲಭ. ಹಾಸಿಗೆ, ಎರಡು ಪಾತ್ರೆ, ಬಾಣಲೆ, ತಟ್ಟೆ ಲೋಟ, ಟಾರ್ಚ್, ಉಪ್ಪು, ಚಹಾಪುಡಿ ಗಾಡಿಯಲ್ಲೇ ಇರಲಿ, ಮನೆಯ ಅಡುಗೆಮನೆಯಿಂದ ಸಾಗಿಸುವುದು ಬೇಡ. ಅಕ್ಕಿ, ಬಿಸ್ಕತ್ತು, ಒಣಮೀನು ಮಾತ್ರ ಒಂದು ದಿನವೂ ಉಳಿಯಬಾರದು; ಇಲಿ ವಾಸನೆ ಹಿಡಿದು ಬರುತ್ತದೆ, ತಿಂಡಿ ಮುಗಿದ ಮೇಲೆ ವಯರಿಗೆ ಬಾಯಿ ಹಾಕುತ್ತದೆ. ಗುರುವಾರ ರಾತ್ರಿ ಫ್ರಿಜ್ ಹಾಕಿಬಿಡು, ಶುಕ್ರವಾರಕ್ಕೆ ತಣ್ಣಗಾಗಿರುತ್ತದೆ. 70 ಲೀಟರ್ ಟ್ಯಾಂಕ್ ತುಂಬಲಿಕ್ಕೆ ನಿಮಿಷಕ್ಕೆ 10 ಲೀಟರ್ ಬರುವ ನಲ್ಲಿಯಲ್ಲಿ ಏಳು ನಿಮಿಷ ಸಾಕು. ಅಷ್ಟು ನೀರು ಇಬ್ಬರಿಗೆ ಎರಡು ದಿನಕ್ಕೆ ಬರುತ್ತದೆ, ಮಕ್ಕಳಿಬ್ಬರು ಸೇರಿದರೆ ಒಂದೇ ದಿನ.

ಟ್ಯಾಂಕಿನ ವಿಷಯದಲ್ಲಿ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೂರ್ತಿ ಖಾಲಿ ಮಾಡಿ, ಎಲ್ಲ ನಲ್ಲಿಗಳನ್ನೂ ತೆರೆದಿಡು. ನಮ್ಮ ಸೆಕೆಗೆ ನಿಂತ ನೀರಿನ ಟ್ಯಾಂಕಿನ ಗೋಡೆಗೆ ಲೋಳೆ ಕಟ್ಟುತ್ತದೆ. ಕೈ ಹಾಕಿ ಉಜ್ಜಿದರೆ ಮೀನು ಜಾರಿದ ಹಾಗೆ ಜಾರುತ್ತದೆ. ಮಳೆಗಾಲ ಕಳೆದು ಮೊದಲ ಸಲ ಹೊರಡುವ ಮುಂಚೆ 100 ಲೀಟರ್ ನೀರಿಗೆ 100 ಮಿಲಿ ಲೆಕ್ಕದಲ್ಲಿ ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಹಾಕು. ಸುವಾಸನೆ ಸೇರಿಸಿದ್ದು ಬೇಡ. ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು, ಮುಚ್ಚಿ, ನಾಲ್ಕು ಗಂಟೆ ಬಿಡು. ಆಮೇಲೆ ಚೆಲ್ಲಿ, ಒಳ್ಳೆಯ ನೀರು ತುಂಬಿಸಿ ಎರಡು ಸಲ ತೊಳೆ. ಫಿಲ್ಟರ್ ಇದ್ದರೆ ಇದಕ್ಕೆ ಮೊದಲೇ ಬಿಚ್ಚಿಡಬೇಕು, ಇಲ್ಲವಾದರೆ ಕ್ಲೋರಿನ್ ಅಲ್ಲೇ ಸತ್ತುಹೋಗಿ ಮುಂದಿನ ಪೈಪಿಗೆ ತಲುಪುವುದಿಲ್ಲ.

ಶುಕ್ರವಾರ ಸಂಜೆ ಕೈಕೊಡುವುದರಲ್ಲಿ ಮೊದಲನೆಯದು ಇಂಜಿನಿನ ಬ್ಯಾಟರಿ. ಗಾಡಿ ನಿಂತಿದ್ದರೂ ಜಿಪಿಎಸ್, ಅಲಾರಂ, ಸ್ಟೀರಿಯೊ ಸೇರಿ 50 ಮಿಲಿಆಂಪಿಯರ್ ಎಳೆಯುತ್ತವೆ ಅಂತ ಇಟ್ಟುಕೋ. ದಿನಕ್ಕೆ 1.2 ಆಂಪಿಯರ್‌ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅಂತ ಅಳೆಯುವ ಲೆಕ್ಕ), ತಿಂಗಳಿಗೆ 36. 70 ಆಂಪಿಯರ್‌ಅವರ್‌ನ ಬ್ಯಾಟರಿಯಲ್ಲಿ ಅರ್ಧ ಹೋಯಿತು; ಸ್ವಲ್ಪ ಹಳೆಯದಾಗಿದ್ದರೆ ಸೆಲ್ಫ್ ಹೊಡೆದಾಗ 'ಟಕ್' ಅಂದು ಸುಮ್ಮನಾಗುತ್ತದೆ. ನೆಗೆಟಿವ್ ತಂತಿಗೆ ಒಂದು ಕಟ್‌ಆಫ್ ಸ್ವಿಚ್ ಹಾಕಿಸಿದರೆ ಈ ತೊಂದರೆ ಇಲ್ಲ. ಗಾಡಿಯೊಳಗಿನ ದೀಪ, ಫ್ಯಾನು, ಫ್ರಿಜ್ ನಡೆಸುವ ಬ್ಯಾಟರಿ ಲೆಡ್ ಆಸಿಡ್‌ನದ್ದಾದರೆ ಕೆಲವು ಗಂಟೆ ಸುಮ್ಮನೆ ಬಿಟ್ಟು ಮಲ್ಟಿಮೀಟರ್ ಹಿಡಿ: 12.7 ವೋಲ್ಟ್ ಅಂದರೆ ತುಂಬಿದೆ, 12.4 ಬಂದರೆ ಚಾರ್ಜಿಗೆ ಹಾಕು, 12.2 ಅಂದರೆ ಅರ್ಧಕ್ಕೆ ಇಳಿದಿದೆ. ಅರ್ಧದಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಶಕ್ತಿ ಹಿಡಿಯುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್‌ನದ್ದಕ್ಕೆ ಕ್ರಮ ಬೇರೆ. ಅರ್ಧ ಚಾರ್ಜ್‌ನಲ್ಲೇ ಬಿಟ್ಟು, ಎಲ್ಲ ಲೋಡ್ ಕಳಚಿದರೆ ಮಳೆಗಾಲವಿಡೀ ಇರುತ್ತದೆ. ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯದ ಕಾರಣ ಮಲ್ಟಿಮೀಟರ್ ನಂಬಬೇಡ, ಆಂಪಿಯರ್ ಎಣಿಸುವ ಶಂಟ್ ಮೀಟರ್ ಹಾಕಿಸು.

ಗ್ಯಾಸ್ ಬಗ್ಗೆ ಉದ್ದ ಬರೆಯುವುದಿಲ್ಲ. 5 ಕೆಜಿ ಸಿಲಿಂಡರ್ ಸಾಕು, ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆಯುವ ತೂತು ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಪ್ರತಿ ಪ್ರಯಾಣಕ್ಕೆ ಮುಂಚೆ ಕೂಡುಗಳಿಗೆ ಸೋಪಿನ ನೊರೆ ಹಚ್ಚಿ ನೋಡು, ಗಾಡಿ ಓಡುವಾಗ ವಾಲ್ವ್ ಮುಚ್ಚಿರಲಿ.

ಇನ್ನು ಮಳೆಗಾಲ. ವರ್ಷದ ಎಂಟು ಪ್ರಯಾಣ ಉಳಿಯುವುದೂ ಅಳಿಯುವುದೂ ಈ ನಾಲ್ಕು ತಿಂಗಳಲ್ಲಿ. ನೀರು ಒಳಗೆ ಬರುವುದು ದೊಡ್ಡ ತೂತಿನಿಂದಲ್ಲ. ಮಾಡಿನ ಮೇಲಿನ ಗಾಳಿಕಿಂಡಿಯ ಸುತ್ತ, ಪ್ಯಾನೆಲ್ಲಿನ ಸ್ಕ್ರೂ ಕೂತಲ್ಲಿ, ಚಪ್ಪರದ ಹಳಿಯ ಉದ್ದಕ್ಕೆ ಕೂದಲೆಳೆಯಷ್ಟು ಬಿರುಕು ಸಾಕು. ಗಾಡಿ ರಸ್ತೆಯಲ್ಲಿ ಕುಲುಕಿದಾಗ, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗಿದಾಗ ಸಂದು ಮುಚ್ಚಿದ ಹಳೆಯ ಅಂಟು, ಅಂದರೆ ಸೀಲಂಟ್, ಬಿಟ್ಟುಕೊಳ್ಳುತ್ತದೆ. ಮೇ ಮೊದಲ ವಾರದಲ್ಲಿ ಏಣಿ ಹಾಕಿ ಹತ್ತಿ, ಉಗುರಿನಿಂದ ಒಂದೊಂದು ಅಂಚನ್ನೂ ಎಬ್ಬಿಸಿ ನೋಡು. ಎದ್ದು ಬಂದದ್ದನ್ನು ಪೂರ್ತಿ ಕೆರೆದು ತೆಗೆದು, ಸ್ಪಿರಿಟ್‌ನಲ್ಲಿ ಒರಸಿ, ಹೊಸತಾಗಿ ಬ್ಯುಟೈಲ್ ಪಟ್ಟಿ (ರಬ್ಬರಿನಂಥ ಅಂಟುಪಟ್ಟಿ) ಕೂರಿಸು. ಬಚ್ಚಲುಮನೆಗೆ ಹಾಕುವ ಸಿಲಿಕಾನ್ ಬೇಡ. ಒಮ್ಮೆ ಅದು ತಾಗಿದ ಜಾಗದಲ್ಲಿ ಮುಂದೆ ಯಾವ ಸೀಲಂಟೂ ಹಿಡಿಯುವುದಿಲ್ಲ. ಒಳಗಿನಿಂದ ಪರೀಕ್ಷೆ ಮಾಡಬೇಕಾದದ್ದು ಮೂಲೆಯ ಪ್ಲೈವುಡ್. ಹೆಬ್ಬೆರಳಿನಿಂದ ಒತ್ತು. ಗಟ್ಟಿ ಇದ್ದರೆ ಸರಿ. ನೆನೆದ ರಸ್ಕಿನ ಹಾಗೆ ಒಳಗೆ ಹೋದರೆ ನೀರು ತಿಂಗಳುಗಳಿಂದ ಇಳಿಯುತ್ತಿದೆ ಅಂತ ಅರ್ಥ. ಹೊಸತು ಕಟ್ಟಿಸುವಾಗ ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈ ಕೇಳಿ ಹಾಕಿಸು.

ಟಾರ್ಪಾಲು ಬಿಗಿದು ಕಟ್ಟುವವರು ತುಂಬಾ ಇದ್ದಾರೆ. ಅದು ತಪ್ಪು. ಜುಲೈ-ಆಗಸ್ಟ್‌ನ ಆಟಿ ತಿಂಗಳ ತೇವ ಒಳಗೇ ಸಿಕ್ಕಿಬಿದ್ದು ಹಾಸಿಗೆಯ ಅಡಿಗೆಲ್ಲ ಬೂಷ್ಟು ಹಿಡಿಯುತ್ತದೆ. ಮೇಲೆ ಶೀಟಿನ ಮಾಡು, ಸುತ್ತ ಗಾಳಿ, ಇದೇ ಸರಿಯಾದ ವ್ಯವಸ್ಥೆ. ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿಡು, ಕಪಾಟುಗಳ ಬಾಗಿಲು, ಫ್ರಿಜ್ಜಿನ ಬಾಗಿಲು ತೆರೆದಿರಲಿ, ಪರದೆ ಬಟ್ಟೆಗಳೆಲ್ಲ ಮನೆಯೊಳಗೆ ಬರಲಿ. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡ. ತೇವಕ್ಕೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡರೆ ಚಕ್ರವೇ ತಿರುಗುವುದಿಲ್ಲ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಮರದ ಅಡೆ ಕೊಡು. ಡೀಸೆಲ್ ಟ್ಯಾಂಕ್ ತುಂಬಿಸಿಡು, ಖಾಲಿ ಜಾಗದಲ್ಲಿ ತೇವ ಹನಿಗಟ್ಟಿ ಡೀಸೆಲ್ಲಿಗೆ ನೀರು ಸೇರುವುದು ತಪ್ಪುತ್ತದೆ. ಎರಡು ವಾರಕ್ಕೊಮ್ಮೆ ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬಾ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಪ್ರಯೋಜನ ಇಲ್ಲ: ಸೆಲ್ಫ್ ತಿಂದ ಕರೆಂಟು ಬ್ಯಾಟರಿಗೆ ಪೂರ್ತಿ ವಾಪಸ್ ಬರುವುದಿಲ್ಲ, ಸೈಲೆನ್ಸರ್ ಬಿಸಿಯಾಗದೆ ಒಳಗಿನ ನೀರು ಅಲ್ಲೇ ಉಳಿದು ತುಕ್ಕು ಹಿಡಿಯುತ್ತದೆ, ಟಯರಿನ ಒಂದೇ ಭಾಗದ ಮೇಲೆ ಭಾರ ಮುಂದುವರಿಯುತ್ತದೆ.

ಟಯರನ್ನು ಸವೆತ ನೋಡಿ ಅಳೆಯಬೇಡ. ಎಂಟು ಸಲ ಓಡುವ ಗಾಡಿಯ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಆರೇಳು ವರ್ಷ ದಾಟಿದ್ದರೆ, ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ, ಟಯರಿನ ಮೇಲಿನ ಗೀರು ಎಷ್ಟೇ ಆಳ ಇದ್ದರೂ ಬದಲಾಯಿಸು.

ಏಪ್ರಿಲ್, ಮೇ ತಿಂಗಳ ಸೆಕೆಯನ್ನು ನೀನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. "ಎಸಿ ಉಂಟಲ್ಲ" ಅಂದಿದ್ದಿ. ಒಂದು ಟನ್ನಿನ ಇನ್ವರ್ಟರ್ ಎಸಿ ಸರಾಸರಿ 600 ವಾಟ್ ಎಳೆದರೆ ಎಂಟು ಗಂಟೆಗೆ 4.8 ಯೂನಿಟ್. 12.8 ವೋಲ್ಟಿನ 200 ಆಂಪಿಯರ್‌ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 2.56 ಯೂನಿಟ್, ಇನ್ವರ್ಟರಿನ ನಷ್ಟ ಕಳೆದರೆ ನಾಲ್ಕು ಗಂಟೆಯೂ ಇಲ್ಲ. ಮಾಡಿನ ಮೇಲಿನ 400 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಕೊಡುವುದು ಒಂದೂವರೆ ಯೂನಿಟ್ಟಿನ ಆಚೀಚೆ. ಹಾಗಾಗಿ ಆ ಎರಡು ತಿಂಗಳು ಕಡಲ ಬದಿಯಲ್ಲಿ ಮಲಗಬೇಕಾದರೆ ಕರೆಂಟು ಕೊಡುವ ಹೋಂಸ್ಟೇ ಅಂಗಳ ಬೇಕು, ಇಲ್ಲವಾದರೆ ಗಟ್ಟ ಹತ್ತಬೇಕು. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಮಡಿಕೇರಿಯಲ್ಲಿ 12 ವೋಲ್ಟಿನ ಸಣ್ಣ ಫ್ಯಾನೇ ಸಾಕು.

ಗಟ್ಟ ಹತ್ತುವಾಗ ದಾರಿ ನೋಡಿ ಆರಿಸು. ಆಗುಂಬೆ ಘಾಟಿ ಉಡುಪಿಗೆ ಹತ್ತಿರ ಹೌದು, ಆದರೆ ಆ ತಿರುವುಗಳಲ್ಲಿ ಹಿಂದಿನ ಚಕ್ರದಿಂದಾಚೆ ಉದ್ದ ಚಾಚಿದ ಗಾಡಿಯ ಬಾಲ ಗೋಡೆಗೆ ಒರೆಯುತ್ತದೆ. ಭಾರಿ ವಾಹನಗಳಿಗೆ ಅಲ್ಲಿ ಬಿಡುವುದೂ ಇಲ್ಲ. ಮಂಗಳೂರಿನಿಂದ ಸಂಪಾಜೆ ಮೂಲಕ ಮಡಿಕೇರಿಗೆ ಹೋಗುವುದು ಆರಾಮ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿ, ಬ್ರೇಕ್ ತುಳಿದುಕೊಂಡೇ ಇದ್ದರೆ ಬಿಸಿಯಾಗಿ ಹಿಡಿತ ತಪ್ಪುತ್ತದೆ. ಮಾಳದಿಂದ ಹತ್ತಿ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಸ್ತೆ ಬದಿ ರಾತ್ರಿ ಕಳೆಯುವ ಯೋಚನೆ ಬೇಡ. ಮಳೆಗಾಲದಲ್ಲಿ ಘಾಟಿಯ ಕಡೆಗೇ ಹೋಗಬೇಡ. 2018ರ ಆಗಸ್ಟ್‌ನಲ್ಲಿ ಶಿರಾಡಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ರಸ್ತೆ ಬಂದ್ ಆದದ್ದು ನಿನಗೂ ಗೊತ್ತು.

ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಕಡಲೇ ಚೆಂದ. ಶುಕ್ರವಾರದ ಪ್ರಯಾಣಕ್ಕೆ ಮನೆಯಿಂದ ಸುಮಾರು ನೂರಹತ್ತು ಕಿಲೋಮೀಟರ್ ಮಿತಿ ಹಾಕಿಕೋ: ಕಾಪು, ಮಲ್ಪೆ, ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಸೌಪರ್ಣಿಕೆ ಇರುವ ಮರವಂತೆ, ತೆಂಕಕ್ಕೆ ಬೇಕಲ. ಹೆದ್ದಾರಿ ಬದಿಯಲ್ಲಿ ನಿಲ್ಲಿಸಿ ಮಲಗಬೇಡ, ಹತ್ತಿರದ ಮನೆಯವರನ್ನೋ ಹೋಂಸ್ಟೇಯವರನ್ನೋ ಕೇಳಿ ಅವರ ಅಂಗಳದಲ್ಲಿ ನಿಲ್ಲಿಸು. ಮರಳಿಗೆ ಚಕ್ರ ಇಳಿಸಬೇಡ. ಕಡಲ ಬದಿಯಿಂದ ಬಂದ ದಿನವೇ ಗಾಡಿಯ ಅಡಿಗೆ, ಚಕ್ರದ ಕಮಾನಿನೊಳಗೆ ಬಾವಿ ನೀರು ಹಾಯಿಸಿ ಉಪ್ಪು ತೊಳೆ. ಒಂದು ವಾರ ಬಿಟ್ಟರೆ ಬೋಲ್ಟಿನ ತಲೆಯಿಂದ ತುಕ್ಕು ಶುರುವಾಗುತ್ತದೆ.

ಹಳೆಯ ವ್ಯಾನ್ ತೆಗೆದುಕೊಂಡು ಗ್ಯಾರೇಜಿನಲ್ಲಿ ಕ್ಯಾರವಾನ್ ಮಾಡಿಸುವ ಮಾತೂ ಎತ್ತಿದ್ದಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಒಪ್ಪಿ ಆರ್‌ಸಿಯಲ್ಲಿ ದಾಖಲಾಗದ ಬದಲಾವಣೆ ನಡೆಯುವುದಿಲ್ಲ, ಅಪಘಾತವಾದರೆ ವಿಮೆಯವರು ಅದನ್ನೇ ಹಿಡಿದು ತಕರಾರು ತೆಗೆಯಬಹುದು. ಕ್ಯಾರವಾನ್‌ಗಳಿಗೆ ಎಐಎಸ್ 124 ಅಂತ ಪ್ರತ್ಯೇಕ ಮಾನದಂಡವೇ ಇದೆ. ಕಟ್ಟುವವನಿಗೆ ಅದರ ಪ್ರಕಾರ ಒಪ್ಪಿಗೆ ಸಿಕ್ಕಿದೆಯಾ ಅಂತ ಕಾಗದ ನೋಡಿಯೇ ಮುಂಗಡ ಕೊಡು.

ಇದಕ್ಕೆಲ್ಲ ಮೊದಲು ಎರಡು ಕೆಲಸ ಮಾಡು. ಅತ್ತಿಗೆಯೂ ನೀನೂ ಕೂತು ಮುಂದಿನ ಎಂಟು ತಿಂಗಳ ಎರಡನೇ, ನಾಲ್ಕನೇ ಶನಿವಾರಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಈಗಾಗಲೇ ಗೊತ್ತಿರುವ ಮದುವೆ, ನೇಮಗಳನ್ನು ಹೊಡೆದುಹಾಕಿ. ಆರಕ್ಕಿಂತ ಕಡಿಮೆ ಉಳಿದರೆ ಕೊಳ್ಳುವುದು ಬೇಡ, ರಜೆಗೆ ಬಾಡಿಗೆ ಗಾಡಿಯೇ ಲೇಸು. ಆರು ಉಳಿದರೆ ಟೇಪು ತೆಗೆದುಕೊಂಡು ಗಾಡಿ ನಿಲ್ಲಿಸುವ ಜಾಗದ ಗೇಟಿನ ಅಗಲ, ಗೇಟಿನ ಮೇಲೆ ಹಾದುಹೋಗುವ ಕೇಬಲ್ಲಿನ ಎತ್ತರ, ಅಂಗಳದ ಉದ್ದ ಅಳೆದು ಬರೆದು ಕಳಿಸು. ಕೇಬಲ್ ಮೂರೂವರೆ ಮೀಟರಿಗಿಂತ ಕೆಳಗೆ ಜೋತಿದ್ದರೆ ಅದನ್ನೂ ಹೇಳು.

ನಿನ್ನ,
ಉಡುಪಿಯ ಗೆಳೆಯ