ತೊಗರಿ ಹೊಟ್ಟಿನ ಫೋಮು: ಋಣ ನೆನೆಯುವ ನಾಲ್ಕು ಮಾತು

ತೊಗರಿ ಹೊಟ್ಟು ಬೆರೆಸಿದ ಗಟ್ಟಿ ಪಾಲಿಯುರೆಥೇನ್ ಫೋಮಿನ ಒತ್ತುಪರೀಕ್ಷೆಗಳು ಈ ವಾರ ಮುಗಿದವು. ವರದಿಯಲ್ಲಿ ಹೆಸರು ಬರುವವರು ಬೇರೆ. ಕೆಲಸ ದಡ ಮುಟ್ಟಿಸಿದವರಲ್ಲಿ ಬಹಳ ಮಂದಿ ಕಲಬುರಗಿಯ ಗಂಜಿನಲ್ಲಿ (ಧಾನ್ಯದ ಪೇಟೆಯಲ್ಲಿ), ಸಾ ಮಿಲ್ಲಿನಲ್ಲಿ, ಪರ್ಸಿ (ಹಾಸುಗಲ್ಲು) ಅಂಗಡಿಯಲ್ಲಿದ್ದಾರೆ.

ಮೊದಲ ನಮಸ್ಕಾರ ನೆಹರು ಗಂಜಿನ ದಾಲ್ ಮಿಲ್ಲಿನ ಅಣ್ಣಂದಿರಿಗೆ. ಹೊಟ್ಟನ್ನು ಪುಡಿಮಾಡಿ, ಜರಡಿ ಹಿಡಿದು ಕೊಟ್ಟಿರಿ. "ಬಿಸಿಲಾಗ ಒಣಗಿಸೀವಿ, ಸಾಲ್ದೇನ್ರಿ?" ಎಂದಿರಿ. ಸಾಲದು ಎಂದದ್ದು ಯಾಕೆಂದರೆ, ಫೋಮು ಆಗುವುದು ಪಾಲಿಯಾಲ್, ಐಸೊಸೈನೇಟ್ ಎಂಬ ಎರಡು ದ್ರವ ಕೂಡಿ; 100 ಗ್ರಾಂ ಪಾಲಿಯಾಲ್‌ಗೆ ನಾವು ಹಾಕುವ ನೀರೇ 2 ಗ್ರಾಂ. ಅದು ಐಸೊಸೈನೇಟ್ ಜೊತೆ ಕೂಡಿ, 25 ಡಿಗ್ರಿಯ ಲೆಕ್ಕದಲ್ಲಿ, ಸುಮಾರು 2.7 ಲೀಟರ್ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಫೋಮು ಉಬ್ಬುವುದು ಆ ಅನಿಲದಿಂದ. ಪ್ರತಿಶತ 10 ತೇವ ಉಳಿದ ಹೊಟ್ಟು 5 ಗ್ರಾಂ ಬಿದ್ದರೂ ಅರ್ಧ ಗ್ರಾಂ ನೀರು ಕಳ್ಳದಾರಿಯಲ್ಲಿ ಒಳಬಂದಂತೆ. ಅದೆಲ್ಲ ಪ್ರತಿಕ್ರಿಯಿಸಿದರೆ ಅನಿಲ ಕಾಲುಭಾಗ ಹೆಚ್ಚುತ್ತದೆ. ಸುಮಾರು 7.5 ಗ್ರಾಂ ಪಾಲಿಮರಿಕ್ ಎಂಡಿಐಯನ್ನೂ (ನಮ್ಮ ಐಸೊಸೈನೇಟ್ ಅದೇ) ಆ ನೀರು ನುಂಗುತ್ತದೆ. ಪಾಲಿಯಾಲ್‌ಗೆ ಸಿಗಬೇಕಾದ ಪಾಲು ಕಡಿಮೆಯಾಗಿ ಫೋಮು ಹಗುರವೂ ಆಗುತ್ತದೆ, ಮೆತ್ತಗೂ ಆಗುತ್ತದೆ. ಅದಕ್ಕೇ 105 ಡಿಗ್ರಿ ಓವನ್, ತೂಕ ಇಳಿಯುವುದು ನಿಲ್ಲುವ ತನಕ. ಆಮೇಲೆ ಬಿಸಿಯಿರುವಾಗಲೇ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಗೆ.

ಮೇ ತಿಂಗಳಲ್ಲಿ ಐಸ್ ಕೊಟ್ಟ ಸೋಡಾ ಅಂಗಡಿಯವರಿಗೂ ಶರಣು. 40 ಡಿಗ್ರಿಯ ರಸಾಯನ ಕಲಸಿ ಮುಗಿಯುವ ಮೊದಲೇ ಉಬ್ಬಲು ಶುರುವಾಗುತ್ತದೆ, ಗುಳ್ಳೆಗಳು ಒಂದೊಂದು ಗಾತ್ರ. ಎರಡೂ ದ್ರವಗಳ ಮುಚ್ಚಳ ಬಿಗಿದ ಡಬ್ಬಿಗಳನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು 25ಕ್ಕೆ ಇಳಿಸಿದ ಮೇಲೆಯೇ ಸುರಿದದ್ದು.

ಸಾ ಮಿಲ್ಲಿನ ಕಾಕಾ ಅವರ ಕೈಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಥರ್ಮೋಕೋಲ್ ಕೊಯ್ಯುವ ಬಿಸಿ ತಂತಿ ಇದಕ್ಕೆ ನಡೆಯುವುದಿಲ್ಲ. ಈ ಫೋಮು ಕರಗುವುದಿಲ್ಲ, ಸುಟ್ಟು ವಿಷದ ಹೊಗೆ ಬಿಡುತ್ತದೆ. ಸಣ್ಣ ಹಲ್ಲಿನ ಬ್ಯಾಂಡ್ ಸಾದಲ್ಲಿ 50 ಮಿ.ಮೀ. ಘನಗಳನ್ನು ಕೊಯ್ದು, ಉಬ್ಬಿದ ದಿಕ್ಕಿಗೆ ಪೆನ್ಸಿಲ್ ಬಾಣ ಎಳೆದು ಕೊಟ್ಟರು. ಗುಳ್ಳೆಗಳು ಆ ದಿಕ್ಕಿಗೆ ಉದ್ದವಾಗಿರುತ್ತವೆ, ಬಲವೂ ಆ ಕಡೆಗೇ ಹೆಚ್ಚು. ಬಾಣವಿಲ್ಲದ ತುಂಡು ಕಸದ ಬುಟ್ಟಿಗೆ.

ಪಾಲಿಶ್ ಮಾಡಿದ ಶಹಾಬಾದ್ ಪರ್ಸಿ ಬಿಟ್ಟಿ ಕೊಟ್ಟವರೇ, ಅದರ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಪ್ರತಿ ಘನದ ಮುಖಗಳನ್ನು ಉಜ್ಜಿ ಸಮ ಮಾಡಿದೆವು. ಎದುರುಬದುರು ಮುಖಗಳು ಸಮಾಂತರವಿಲ್ಲದಿದ್ದರೆ ಒಂದು ಮೂಲೆಗೆ ಮೊದಲು ಭಾರ ಬಿದ್ದು ಗ್ರಾಫಿನ ಆರಂಭವೇ ಜೋಲುತ್ತದೆ, ಗಡಸುತನ (ಒತ್ತಿದರೆ ಸುಲಭಕ್ಕೆ ಕುಗ್ಗದ ಗುಣ) ಸುಳ್ಳುಸುಳ್ಳೇ ಕಡಿಮೆ ಕಾಣುತ್ತದೆ.

ಪ್ರಯೋಗಾಲಯದ ತಂತ್ರಜ್ಞರಿಗೆ ದೊಡ್ಡ ಋಣ. 0.2 ಮೆಗಾಪಾಸ್ಕಲ್ ತಡೆಯುವ ಫೋಮಿನ ಇಂಥ ಘನಕ್ಕೆ ಬೇಕಾದ ಬಲ 500 ನ್ಯೂಟನ್. ಕಬ್ಬಿಣ ಎಳೆಯುವ 100 ಕಿಲೋನ್ಯೂಟನ್ ಯಂತ್ರಕ್ಕೆ ಅದು ಅರ್ಧ ಪ್ರತಿಶತ, ಅಂಕಿ ನಂಬುವ ಹಾಗಿಲ್ಲ. ಹುಡುಕಿ 1 ಕಿಲೋನ್ಯೂಟನ್‌ನ ಲೋಡ್ ಸೆಲ್ (ಬಲ ಅಳೆಯುವ ಭಾಗ) ಕೂಡಿಸಿಕೊಟ್ಟಿರಿ, ವೇಗ ನಿಮಿಷಕ್ಕೆ 5 ಮಿ.ಮೀ.ಗೆ ಹಿಡಿದಿರಿ.

"ಹೊಟ್ಟಿನಿಂದ ಬಲ ಬಂತು ಅನ್ನೋ ಮೊದಲು ತೂಗಿ ನೋಡ್ರಿ" ಎಂದು ತಡೆದ ಮೇಡಂ ಅವರಿಗೆ ವಿಶೇಷ ವಂದನೆ. ಗಿಬ್ಸನ್, ಆಶ್ಬಿ ಎಂಬ ಇಬ್ಬರು ವಿಜ್ಞಾನಿಗಳು ಫೋಮಿಗೆ ಕೊಟ್ಟ ಲೆಕ್ಕದಂತೆ ತೆರೆದ ಗುಳ್ಳೆಯ (ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವ) ಫೋಮಿನ ಗಡಸುತನ ಸಾಂದ್ರತೆಯ ವರ್ಗದ ಹಾಗೆ ಬದಲಾಗುತ್ತದೆ: ಸಾಂದ್ರತೆ ಪ್ರತಿಶತ 10 ಇಳಿದರೆ ಗಡಸುತನ 19 ಇಳಿಯುತ್ತದೆ. ನಮ್ಮದು ಮುಚ್ಚಿದ ಗುಳ್ಳೆ, ವರ್ಗದಷ್ಟೇ ನಿಖರವಾಗಿ ನಡೆಯದು. ಆದರೂ ಒಂದೇ ಸಾಂದ್ರತೆಯ ತುಂಡುಗಳನ್ನಲ್ಲದೆ ಹೋಲಿಸಬಾರದೆಂಬುದು ನಿಂತಿತು.

ಮಿಲ್ಲಿನವರೇ, ಒಂದೂವರೆ ಚೀಲ ಹೊಟ್ಟು ಹಾಗೇ ಉಳಿದಿದೆ. ಮಳೆ ಹಿಡಿಯುವ ಮೊದಲು ಬಂದು ಒಯ್ಯಿರಿ, ದನಕ್ಕಾದರೂ ಆದೀತು.