ಅರ್ತಿಂಗ್ ಕೇಬಲ್ ನೋಡಿ ಅಂದವರಿಗೆ

ಹಳೇ ಪಿಕಪ್ ಸ್ಟಾರ್ಟ್ ಆಗೋಕೆ ತಿಣುಕುತ್ತಿದ್ದರೆ, ಸ್ಟಾರ್ಟರ್ ಮೋಟರಿಗೆ ದುಡ್ಡು ಸುರಿಯುವ ಮೊದಲು ಅರ್ತಿಂಗ್ ಕೇಬಲ್ (ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ, ಬಾಡಿಗೆ ಹೋಗುವ ದಪ್ಪ ತಂತಿ) ನೋಡಿ ಎಂದು ತಿಳಿಸಿ, ಹೆಸರೂ ಹೇಳದೆ ಹೋದ ಪುಣ್ಯಾತ್ಮರಿಗೆ ಧನ್ಯವಾದ.

ಗೇರ್ ನ್ಯೂಟ್ರಲ್. ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ (ಕೇಬಲ್ ತುದಿಯ ಕ್ಲಾಂಪಿಗಲ್ಲ, ಬ್ಯಾಟರಿ ಮೇಲೆ ಎದ್ದಿರುವ ಪೋಸ್ಟಿಗೇ), ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಕೀಲಿ ತಿರುಗಿಸಿದಾಗ 0.5 ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. 0.01 ಓಮ್ ತಡೆ ಏನು ಮಹಾ ಅನಿಸುತ್ತೆ; 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ಅಲ್ಲೇ ಕರಗಿಹೋಗುತ್ತೆ.

ನೆಗೆಟಿವ್ ಬಿಚ್ಚಿ, ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೂರುವ ಜಾಗದ ತುಕ್ಕು, ಪೇಂಟ್ ಎರಡನ್ನೂ ಲೋಹ ಹೊಳೆಯುವಷ್ಟು ಕೆರೆದು ಬೋಲ್ಟ್ ಬಿಗಿ ಮಾಡಬೇಕು. ಗ್ರೀಸ್ ಆಮೇಲೆ, ಮೇಲಿಂದ ಮಾತ್ರ. ಕೇಬಲ್ಲಿನ ಸಿಪ್ಪೆಯೊಳಗೆ ಹಸಿರು ಪುಡಿ ಕಂಡರೆ ಕೆರೆದು ಪ್ರಯೋಜನವಿಲ್ಲ, ಕೇಬಲ್ಲೇ ಬದಲಿಸಿ ಎಂದಿದ್ದೂ ನೀವೇ.